ಎರಡು ಬೆರಳಿಲ್ಲದ ಹಾವುರಾಣಿ

ಮಾರ್ಚ್ 4, ಸೋಮವಾರ

ನಿವೃತ್ತಿಗೆ ಇನ್ನು ಐವತ್ತೇಳು ದಿನ. ರಕ್ತದೊತ್ತಡ ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಹೆಂಡತಿ ಈ ಪುಸ್ತಕ ಕೊಟ್ಟಿದ್ದಾಳೆ. ಇವತ್ತಿನದು ನೂರ ನಲವತ್ತೆಂಟು, ತೊಂಬತ್ತು. ಇಷ್ಟು ದೊಡ್ಡ ಪುಟಕ್ಕೆ ಎರಡೇ ಅಂಕಿ ಬರೆದು ಮಿಕ್ಕ ಜಾಗ ಹಾಳು ಮಾಡುವುದು ನನ್ನಿಂದಾಗದು. ಆದ್ದರಿಂದ ಬೇರೆ ಸಂಗತಿಯನ್ನೂ ಬರೆಯುತ್ತೇನೆ.

ಮ್ಯೂಸಿಯಂನ ನೆಲಮಾಳಿಗೆಯ ಸ್ಪಿರಿಟ್ ಕೋಣೆ ನನ್ನದು. ಹನ್ನೊಂದು ಸಾವಿರದ ಇನ್ನೂರ ಆರು ಗಾಜಿನ ಜಾಡಿಗಳು. ಒಳಗೆ ಹಾವು, ಹಲ್ಲಿ, ಕಪ್ಪೆ, ಹಾವುರಾಣಿ. ಸ್ಪಿರಿಟ್ ಇಳಿದ ಜಾಡಿಗೆ ತುಂಬಿಸುವುದು, ಮುಚ್ಚಳ ಬಿಗಿ ಮಾಡುವುದು, ಚೀಟಿ ಮಾಸಿದರೆ ಹೊಸದು ಬರೆಯುವುದು. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಮೇಲಿನ ಮಹಡಿಯವರೆಲ್ಲ ನನ್ನನ್ನು ಜಾಡಿರಾಯ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ತಡವಾಗುತ್ತದೆ. ಈ ಮೂವತ್ತನಾಲ್ಕು ವರ್ಷದಲ್ಲಿ ಒಂದು ಜಾಡಿ ಒಣಗಿಲ್ಲ, ಒಂದು ಚೀಟಿ ತಪ್ಪಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಜಂಬಕ್ಕೇ ಬರೆದರೂ ತಪ್ಪೇನು, ನಿಜ ತಾನೆ.

ಇವತ್ತು ಹೊಸ ಮೇಡಂ ಕೆಳಗಿಳಿದು ಬಂದರು. ನಮ್ಮ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಂದು ಎಂಟು ತಿಂಗಳಾಯಿತು, ವಯಸ್ಸು ನನ್ನ ಸರ್ವಿಸಿನಷ್ಟೇ. ಬೆರಳುದ್ದದ ಬೆಟ್ಟದ ಹಾವುರಾಣಿಯ ಜಾಡಿ ಬೇಕೆಂದರು. ಕಣ್ಣು ಮುಚ್ಚಿಕೊಂಡು ತೆಗೆದುಕೊಟ್ಟೆ. ಜಗತ್ತಿನಲ್ಲಿ ಆ ಜಾತಿಯ ದೇಹ ಇರುವುದು ಮೂರೇ ಮೂರು, ಮೂರೂ ನನ್ನ ಜಾಡಿಯಲ್ಲಿ. ಹಿರಿಯ ಸಾಹೇಬರು ನಲವತ್ತಮೂರು ವರ್ಷದ ಹಿಂದೆ ಮೂಡಣ ಬೆಟ್ಟದಿಂದ ತಂದದ್ದು. ಆಮೇಲೆ ಜೀವಂತ ನೋಡಿದವರಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಹೊರಗಿನ ವಿಜ್ಞಾನಿಯೊಬ್ಬರು ಬಂದು ಈ ಜಾಡಿ ನೋಡಿ, ಇದು ಬೇರೆಯೇ ಜಾತಿ ಎಂದು ಹೆಸರಿಟ್ಟರು. ಅಂದಿನಿಂದ ಆರು ತಂಡ ಮೂಡಣ ಬೆಟ್ಟ ಹತ್ತಿ ಬರಿಗೈಯಲ್ಲಿ ಇಳಿದಿವೆ.

"ಏಪ್ರಿಲ್ ಕೊನೆಗೆ ದೊಡ್ಡ ಸಭೆ ಇದೆ," ಎಂದರು ಮೇಡಂ. "ಅಷ್ಟರೊಳಗೆ ಸಿಗದೇ ಇದ್ರೆ ಇದನ್ನ 'ಇನ್ನಿಲ್ಲ' ಅನ್ನೋ ಪಟ್ಟಿಗೆ ಸೇರಿಸ್ತಾರೆ. ಆಮೇಲೆ ಹುಡುಕೋಕೂ ಯಾರೂ ಅನುಮತಿ ಕೊಡಲ್ಲ." ಜಾಡಿಯನ್ನು ಬೆಳಕಿಗೆ ಹಿಡಿದು ಕೇಳಿದರು, "ಚೀಟಿ ಸರಿಯಾಗಿದೆ ಅಲ್ವಾ?"

"ಅದು ನನ್ನ ಕೈಬರಹ ಮೇಡಂ," ಎಂದೆ. ಅಷ್ಟು ಹೇಳಿದರೆ ಸಾಕು ಎಂದುಕೊಂಡಿದ್ದೆ. ಅವರು ಸುಮ್ಮನೆ ತಲೆಯಾಡಿಸಿದರು. ಎಂಟು ತಿಂಗಳಾದರೂ ಇಲ್ಲಿ ಯಾರು ಎಂಥವರು ಎಂದು ತಿಳಿದುಕೊಂಡಿಲ್ಲ.

ಮಾರ್ಚ್ 6, ಬುಧವಾರ

ಮೇಡಂಗೆ ನನ್ನ ಬೆಲೆ ಇವತ್ತು ಗೊತ್ತಾಯಿತು. ಹಿರಿಯ ಸಾಹೇಬರು ಕಾಡಿಗೆ ಒಯ್ಯುತ್ತಿದ್ದ ಹದಿನಾಲ್ಕು ಕಿರುಪುಸ್ತಕಗಳು ಕಬ್ಬಿಣದ ಬೀರುವಿನ ತಳದಲ್ಲಿವೆ. ಸಾಹೇಬರು ತೀರಿಕೊಂಡ ಮೇಲೆ ಯಾರೂ ಬಿಚ್ಚಿದವರಿಲ್ಲ. ಕಾರಣ ಅವರ ಅಕ್ಷರ. ಮಸಿಯಲ್ಲಿ ಬಿದ್ದ ಇರುವೆ ಎದ್ದು ಓಡಿದ ಹಾಗೆ. ಮೇಡಂ ಒಂದು ಪುಟ ಹಿಡಿದು ಹತ್ತು ನಿಮಿಷ ಕೂತರು.

"ಇದನ್ನ ಓದೋಕೆ ನಾನು ಇನ್ನೊಂದು ಡಿಗ್ರಿ ಮಾಡಬೇಕು," ಎಂದರು.

ನಾನು ನಿಂತಲ್ಲೇ ಗಡಗಡನೆ ಒಂದು ಪುಟ ಓದಿದೆ. ಸಾಹೇಬರ ಕೈಕೆಳಗೆ ಒಂಬತ್ತು ವರ್ಷ ದುಡಿದವನಿಗೆ ಅದೇನು ಕಷ್ಟ. ಬೆಟ್ಟದಲ್ಲಿ ಯಾವ ಜಾಗ, ಯಾವ ಎತ್ತರ ಎಂಬುದೇನಾದರೂ ಸಿಕ್ಕರೆ ಗುರುತು ಹಾಕಿಕೊಡಿ, ಏಳನೇ ತಂಡ ಕಳಿಸೋಣ ಎಂದರು. "ನಿಮ್ಮನ್ನ ಬಿಟ್ರೆ ಇದು ಯಾರಿಂದಲೂ ಆಗಲ್ಲ," ಎಂದೂ ಹೇಳಿದರು. ಮನೆಗೆ ಬಂದು ಈ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

ಮಾರ್ಚ್ 12, ಮಂಗಳವಾರ

ಒಂಬತ್ತನೇ ಪುಸ್ತಕ, ಇಪ್ಪತ್ತೇಳನೇ ಪುಟದ ಹಿಂಬದಿ, ಪೆನ್ಸಿಲಿನಲ್ಲಿ: "ಪಡುವಣ ಬೆಟ್ಟ. ಹೊಳೆ ಹುಟ್ಟುವ ಕಡೆ, ಅದಕ್ಕೂ ಮೇಲೆ. ಕೊಳೆತ ದಿಮ್ಮಿಯ ಅಡಿ. ಸಣ್ಣ ಹಾವುರಾಣಿ ಮೂರು. ಒಂದಕ್ಕೆ ಎಡಗೈಯ ಎರಡು ಬೆರಳಿಲ್ಲ."

ಅದೇ ವಾರ ಅವರು ಮೂಡಣ ಬೆಟ್ಟದಿಂದಲೂ ಮೂರು ಸಣ್ಣ ಹಾವುರಾಣಿ ತಂದಿದ್ದರು. ಅದು ಎಲ್ಲ ಬೆಟ್ಟದಲ್ಲೂ ಸಿಗುವ ಸಾಮಾನ್ಯ ಜಾತಿ. ಆಗ ಎರಡರ ಚೀಟಿಯಲ್ಲೂ ಜಾತಿಯ ಹೆಸರಿರಲಿಲ್ಲ, ಬೆಟ್ಟದ ಹೆಸರಷ್ಟೇ; ಎರಡು ಜಾಡಿ ಅಕ್ಕಪಕ್ಕ.

ಎರಡನ್ನೂ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಪಡುವಣ ಬೆಟ್ಟ ಎಂಬ ಚೀಟಿಯ ಜಾಡಿಯಲ್ಲಿ ಮೂರಕ್ಕೂ ಐದೈದು ಬೆರಳು. ಮೂಡಣ ಬೆಟ್ಟ ಎಂಬ ಚೀಟಿಯ ಜಾಡಿಯಲ್ಲಿ, ಆ ಅಪರೂಪದ ಮೂರರಲ್ಲಿ, ಒಂದಕ್ಕೆ ಎಡಗೈಯ ಎರಡು ಬೆರಳಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಆ ಕಪಾಟಿನ ಮೇಲೆ ನೀರಿನ ಪೈಪು ಒಡೆದು ಅರವತ್ತೆಂಟು ಜಾಡಿಗಳ ಚೀಟಿ ಕರಗಿಹೋಗಿತ್ತು. ಮೂರು ದಿನ ಕೂತು ದಾಖಲೆ ಪುಸ್ತಕ ನೋಡಿ ಅಷ್ಟನ್ನೂ ಹೊಸದಾಗಿ ಬರೆದವನು ನಾನು. ಆ ಕೆಲಸಕ್ಕೆ ಮೆಚ್ಚುಗೆ ಪತ್ರ ಕೊಟ್ಟಿದ್ದರು. ಅದು ನಡುಮನೆಯ ಗೋಡೆಯ ಮೇಲಿದೆ.

ಮಾರ್ಚ್ 13, ಬುಧವಾರ

ನೂರ ಅರವತ್ತೆರಡು, ನೂರು.

ಮಾರ್ಚ್ 14, ಗುರುವಾರ

ನೂರ ಅರವತ್ತು, ನೂರು. ಏನಾದರೂ ಸಿಕ್ಕಿತೇ ಎಂದು ಮೇಡಂ ಕೇಳಿದರು. ಇನ್ನೂ ಓದುತ್ತಿದ್ದೇನೆ ಎಂದೆ.

ಮಾರ್ಚ್ 17, ಭಾನುವಾರ

ಬೇರೆ ಯಾರಿಗೂ ಆ ಅಕ್ಷರ ಓದಲು ಬರುವುದಿಲ್ಲ. ಪುಸ್ತಕವನ್ನು ಇದ್ದಲ್ಲೇ ಇಟ್ಟುಬಿಟ್ಟರೆ ಏಪ್ರಿಲ್ ಮೂವತ್ತಕ್ಕೆ ಮರ್ಯಾದೆಯಿಂದ ಮನೆಗೆ ಬರಬಹುದು. ಇದನ್ನು ಐದು ದಿನದಿಂದ ಯೋಚಿಸುತ್ತಿದ್ದೇನೆ. ಬರೆದು ನೋಡಿದಾಗ ಇದು ನನ್ನ ಯೋಚನೆ ಅನ್ನಿಸುವುದಿಲ್ಲ, ಯಾರೋ ಕಳ್ಳನದು ಅನ್ನಿಸುತ್ತದೆ.

ಊಟವಾದ ಮೇಲೆ ಹೆಂಡತಿ ಒಂದು ಕೋಟಿನ ತೋಳು ಬಿಚ್ಚುತ್ತ ಕೂತಿದ್ದಳು. "ಏನ್ರೀ, ನಾಲ್ಕು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೀರಿ. ನಿಮ್ಮ ಜಾಡಿಗಳ ಹಾಗೇ ಕಾಣ್ತೀರಿ," ಎಂದಳು. ಹೇಳಿಬಿಟ್ಟೆ. ಬೆರಳಿನ ವಿಷಯ, ಚೀಟಿಯ ವಿಷಯ, ಆರು ತಂಡದ ವಿಷಯ, ಎಲ್ಲ.

ಅವಳು ಹಲ್ಲಿನಿಂದ ದಾರ ಕಡಿದು ಕೇಳಿದಳು, "ಆ ಪ್ರಾಣಿ ಬದುಕಿದ್ರೂ ಬದುಕಿರಬಹುದಾ?"

"ಇರಬಹುದು. ಹುಡುಕಿದ್ದೇ ಬೇರೆ ಬೆಟ್ಟದಲ್ಲಿ."

"ಈ ಕೋಟು ನೋಡಿ. ಬಲಗೈ ತೋಳನ್ನ ಎಡಕ್ಕೆ ಹಚ್ಚಿದ್ದೆ. ನಲವತ್ತು ವರ್ಷ ಹೊಲಿದವಳು ನಾನು. ಈಗೇನು, ನನ್ನ ಹೆಸರು ಉಳೀಲಿ ಅಂತ ಕೋಟಿನವರಿಗೆ ಕೈ ತಿರುಚಿಕೊಳ್ಳಿ ಅನ್ನಲಾ?"

"ಇದು ಕೋಟಲ್ಲ ಕಣೇ."

"ಅದಕ್ಕೇ ಹೇಳಿದ್ದು," ಎಂದು ಅವಳು ಸೂಜಿಗೆ ದಾರ ಪೋಣಿಸಲು ನನ್ನ ಕೈಗೇ ಕೊಟ್ಟಳು.

ಮಾರ್ಚ್ 18, ಸೋಮವಾರ

ಹೇಳಿದೆ. ಮೇಡಂ ಕೋಣೆಗೆ ಎರಡು ಜಾಡಿ, ಕಿರುಪುಸ್ತಕ, ಭೂತಗನ್ನಡಿ ಹಿಡಿದುಕೊಂಡು ಹೋದೆ. ನಿಂತೇ ಇದ್ದೆ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಈ ಚೀಟಿ ಅದಲುಬದಲಾಗಿದೆ. ಮಾಡಿದ್ದು ನಾನು. ಆರು ತಂಡದವರನ್ನ ತಪ್ಪು ಬೆಟ್ಟ ಹತ್ತಿಸಿದ್ದು ನಾನು."

ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಆ ಆರರಲ್ಲಿ ಒಂದು ತಂಡದಲ್ಲಿ ಅವರೂ ಇದ್ದರು, ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅವರೇ ಈಗ ಹೇಳಿದರು. ಬೈಯಲಿ ಎಂದು ಕಾದೆ.

"ಮಿಕ್ಕ ಅರವತ್ತಾರು?" ಎಂದು ಕೇಳಿದರು.

"ಒಂದೊಂದನ್ನೂ ತೆಗೆದು ನೋಡ್ತೀನಿ."

"ನೋಡಿ. ಏಪ್ರಿಲ್ ಎರಡಕ್ಕೆ ಪಡುವಣ ಬೆಟ್ಟಕ್ಕೆ ಹೊರಡೋಣ. ನೀವೂ ಬರಬೇಕು."

"ನನ್ನ ಮಂಡಿ ಸರಿಯಿಲ್ಲ ಮೇಡಂ."

"ನನ್ನ ಕಾಲೂ ಸರಿಯಿಲ್ಲ," ಎಂದರು.

ಮಾರ್ಚ್ 29, ಶುಕ್ರವಾರ

ಅರವತ್ತಾರೂ ಸರಿ. ಎರಡೆರಡು ಸಲ ನೋಡಿದೆ. ಅರವತ್ತೆಂಟರಲ್ಲಿ ಅರವತ್ತಾರು. ಮೇಡಂ ಪಟ್ಟಿಗೆ ಸಹಿ ಹಾಕುತ್ತ, "ನೀವು ನೋಡಿದ್ದೀರಿ ಅಂದ್ಮೇಲೆ ನಾನು ಮತ್ತೆ ನೋಡಲ್ಲ," ಎಂದರು. ನೂರ ನಲವತ್ತು, ಎಂಬತ್ತೆಂಟು.

ಏಪ್ರಿಲ್ 3, ಬುಧವಾರ

ಬೆಟ್ಟದ ಕಾವಲು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಂಡಿ ಎರಡೂ ಊದಿಕೊಂಡಿವೆ. ಆದರೆ ಹತ್ತಿದ್ದೇನೆ. ಇದನ್ನು ದಾಖಲಿಸಬೇಕು.

ನಾವು ಮೂವರು: ಮೇಡಂ, ನಾನು, ಕಾಡಿನ ಕಾವಲಿನ ಹೆಂಗಸು. ಅವಳ ಸೊಂಟದಲ್ಲಿ ಯಾವಾಗಲೂ ಕತ್ತಿ ಇರುವುದರಿಂದ ಎಲ್ಲರಿಗೂ ಅವಳು ಕತ್ತಿಯಮ್ಮ. ಐವತ್ತು ದಾಟಿದೆ, ಏರುದಾರಿಯಲ್ಲಿ ಮಾತಾಡುತ್ತಲೇ ಹತ್ತುತ್ತಾಳೆ. ನನಗೆ ಉಸಿರೇ ಸಾಲದು. "ಅಣ್ಣಾ, ಬೆಟ್ಟ ಎಲ್ಲೂ ಓಡಿಹೋಗಲ್ಲ, ನಿಧಾನ ಬನ್ನಿ," ಎನ್ನುತ್ತಾಳೆ.

ನನ್ನ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಜಾಡಿ, ಸ್ಪಿರಿಟ್, ಮೊದಲೇ ಅರ್ಧ ಬರೆದಿಟ್ಟ ಚೀಟಿ ಇವೆ. ಒಂದು ಪ್ರಾಣಿಯನ್ನು ತರಲು ಅನುಮತಿ ಸಿಕ್ಕಿದೆ. ನಿವೃತ್ತಿಗೆ ಮುನ್ನ ಇಡುವ ಕೊನೆಯ ಜಾಡಿ ಇದೇ ಆಗಲಿ ಎಂದು ಎಲ್ಲದಕ್ಕಿಂತ ಒಳ್ಳೆಯ ಗಾಜು ಆರಿಸಿದ್ದೇನೆ.

ಹೊಳೆ ಹುಟ್ಟುವ ಜಾಗಕ್ಕಿಂತ ಮೇಲೆ ಮರಗಳು ಕುಳ್ಳಗಾಗುತ್ತವೆ, ಮೈತುಂಬ ಪಾಚಿ. ಮೋಡ ಮರದ ನಡುವೆಯೇ ಓಡಾಡುತ್ತದೆ. ಕಲ್ಲು ಎತ್ತುವುದು, ದಿಮ್ಮಿ ಮಗುಚುವುದು, ತರಗೆಲೆ ಜರಡಿ ಹಿಡಿಯುವುದು, ಎಲ್ಲ ಮತ್ತೆ ಹೇಗಿತ್ತೋ ಹಾಗೇ ಇಡುವುದು. ಇವತ್ತು ನೂರ ಎಪ್ಪತ್ತು ಕಲ್ಲು. ಏನೂ ಇಲ್ಲ. ವಾಪಸ್ ಇಡುವುದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿಲ್ಲ. ನಾನಿಟ್ಟ ಕಲ್ಲನ್ನು ಎತ್ತಿದ್ದರು ಎಂದು ಕಲ್ಲಿಗೇ ಗೊತ್ತಾಗದು ಎಂದು ಕತ್ತಿಯಮ್ಮ ಹೇಳಿದಳು.

ಏಪ್ರಿಲ್ 4, ಗುರುವಾರ

ಇನ್ನೂರ ಹತ್ತು ಕಲ್ಲು, ಮೂವತ್ತು ದಿಮ್ಮಿ. ಎರೆಹುಳ, ಜರಿ, ಒಂದು ಸಿಟ್ಟಿನ ಏಡಿ. ಮೇಡಂ ಕಾಲು ನೀವಿಕೊಳ್ಳುತ್ತ ಕೂತಿದ್ದರು. ಬೆಟ್ಟ ಸರಿಯಾಗಿದ್ದರೂ ತಡವಾಗಿರಬಹುದು ಎಂದರು. ಇಪ್ಪತ್ತೆರಡು ವರ್ಷ. ನಾನು ಮುಂದಿನ ಕಲ್ಲು ಎತ್ತಿದೆ.

ಏಪ್ರಿಲ್ 5, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಮುಂದೆ ನಾನೇ ನಂಬಲಾರೆ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೋಡ ಸರಿದು ಒಂದಿಷ್ಟು ಬಿಸಿಲು ಬಿತ್ತು. ಕತ್ತಿಯಮ್ಮ ಬಿದ್ದ ಮರವೊಂದರ ತೊಗಟೆ ಎಬ್ಬಿಸಿ ಚಟ್ಟನೆ ಅಂಗೈ ಮುಚ್ಚಿದಳು. "ಒಂದು ಸಿಕ್ತು ನೋಡಿ," ಎಂದು ಜಾಲರಿ ಚೀಲಕ್ಕೆ ಬಿಟ್ಟಳು.

ಮೇಡಂ ಓಡಿಬಂದು ನೋಡಿದರು. ಮುಖ ಇಳಿಯಿತು. "ಇದು ಸಾಮಾನ್ಯದ್ದು, ಮರಿ. ಹೊಟ್ಟೆ ನೋಡಿ, ಕೆಂಪು. ನಮ್ಮದು ಕಂದು. ಬಿಟ್ಟುಬಿಡಿ ಅಮ್ಮಾ."

ಚೀಲವನ್ನು ನಾನು ಇಸಿದುಕೊಂಡೆ. ಬೆನ್ನು ಕಂಚಿನ ಬಣ್ಣ, ಪಕ್ಕೆಯಲ್ಲಿ ಕಪ್ಪು ಗೆರೆ, ಗಂಟಲಿನಿಂದ ಹೊಟ್ಟೆಯವರೆಗೆ ಮಾಗಿದ ಪಪ್ಪಾಯಿಯ ಬಣ್ಣ. ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಆದರೆ ಬಣ್ಣ ಬಿಟ್ಟು ನೋಡುವುದು ನನಗೆ ಅಭ್ಯಾಸ. ಸ್ಪಿರಿಟ್‌ನಲ್ಲಿ ಎಲ್ಲದರ ಬಣ್ಣವೂ ಹೋಗುತ್ತದೆ, ಆಕಾರ ಮಾತ್ರ ಉಳಿಯುತ್ತದೆ. ಮೂತಿಯ ಮೊಂಡು, ಕುತ್ತಿಗೆಯ ದಪ್ಪ, ಮುಂಗೈ ಹಿಂಗಾಲಿನ ನಡುವಿನ ಆ ಅಂತರ. ಕಿವಿಯ ತೂತು ಎಳ್ಳಿನಲ್ಲಿ ಅರ್ಧ. ಸಾಮಾನ್ಯ ಜಾತಿಯದಕ್ಕೆ ಅದು ಸಾಸಿವೆಯಷ್ಟಿರುತ್ತದೆ.

"ಮೇಡಂ, ಇದು ಅದೇ," ಎಂದೆ.

"ಬಣ್ಣ ಬೇರೆ ಇದೆಯಲ್ಲ."

"ನಾವು ನೋಡಿರೋದು ನಲವತ್ತಮೂರು ವರ್ಷ ಸ್ಪಿರಿಟ್‌ನಲ್ಲಿ ನೆನೆದದ್ದನ್ನ. ಕಿವಿ ನೋಡಿ. ಕೆಳಗಿನ ರೆಪ್ಪೆ ನೋಡಿ, ನಡುವೆ ಕನ್ನಡಕದ ಗಾಜಿನ ಹಾಗೆ ಒಂದು ಕಿಟಕಿ ಇರಬೇಕು, ಅಗಲವಾಗಿ. ಆಮೇಲೆ ನಡುವಿನ ಹುರುಪೆ ಸಾಲು ಎಣಿಸಿ. ಇಪ್ಪತ್ತಾರು ಬರುತ್ತೆ."

ಮೇಡಂ ಭೂತಗನ್ನಡಿ ಹಿಡಿದರು. ಇಪ್ಪತ್ತೆರಡು, ಇಪ್ಪತ್ತಮೂರು ಎಂದು ತುಟಿ ಆಡುತ್ತಿತ್ತು. ಇಪ್ಪತ್ತಾರಕ್ಕೆ ನಿಂತಿತು. ಅವರು ಮತ್ತೊಮ್ಮೆ ಮೊದಲಿನಿಂದ ಎಣಿಸಿದರು. ಆಮೇಲೆ ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟರು. ಕತ್ತಿಯಮ್ಮನಿಗೆ ಅರ್ಥವಾಗದೆ, "ಯಾಕಮ್ಮಾ, ಕಚ್ಚಿತಾ?" ಎಂದಳು.

ಅಳತೆ, ತೂಕ, ಚಿತ್ರ ಎಲ್ಲ ಆಯಿತು. ಹೆಣ್ಣು ಎಂದರು ಮೇಡಂ. ಹಿಡಿದುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟರು. ಹನ್ನೊಂದು ಸಾವಿರ ಜಾಡಿ ನೋಡಿಕೊಂಡವನು, ಇಲ್ಲಿಯವರೆಗೆ ಜೀವಂತ ಹಾವುರಾಣಿಯನ್ನು ಮುಟ್ಟಿರಲಿಲ್ಲ. ಎಣ್ಣೆ ಹಚ್ಚಿದ ಹಾಗೆ ನುಣುಪು. ಬೆರಳಿನ ತುದಿಗೆ ಅವಳ ಎದೆ ಬಡಿಯುವುದು ತಗಲುತ್ತಿತ್ತು.

"ಒಂದಕ್ಕೆ ಅನುಮತಿ ಇದೆ," ಎಂದರು ಮೇಡಂ. "ಜಾಡಿ ತೆಗೀರಿ."

ಇನ್ನೊಂದು ಕೈಯಿಂದ ಚೀಲದಲ್ಲಿದ್ದ ಜಾಡಿ ತೆಗೆದೆ. ಮುಚ್ಚಳವನ್ನೂ ತೆಗೆದೆ. "ಮೇಡಂ, ನನ್ನ ಹತ್ತಿರ ಮೂರಿವೆ," ಎಂದೆ.

"ಏನಂದ್ರಿ?"

"ಮೂರಿವೆ. ಸಾಕು."

ಹಾಗೇಕೆ ಅಂದೆನೋ. ಜಾಡಿ ಸ್ವಲ್ಪ ಚಿಕ್ಕದಾಗಿತ್ತು, ಬಾಲ ಮಡಚಬೇಕಾಗುತ್ತಿತ್ತು, ಬಹುಶಃ ಅದಕ್ಕೇ. ಮೇಡಂ ನನ್ನ ಮುಖವನ್ನೂ ಜಾಡಿಯನ್ನೂ ನೋಡಿ, "ಪುರಾವೆಗೆ ಏನಾದ್ರೂ ಬೇಕಲ್ರೀ," ಎಂದರು. ಅಷ್ಟರಲ್ಲಿ ಹಾವುರಾಣಿಯೇ ತೀರ್ಮಾನ ಮಾಡಿದಳು. ನನ್ನ ಬೆರಳು ಒಂದಿಷ್ಟು ಸಡಿಲವಾಗಿರಬೇಕು, ಅಂಗೈಯಿಂದ ನುಸುಳಿ ದಿಮ್ಮಿಯ ಅಡಿ ಸೇರಿಕೊಂಡಳು. ಕೈಯಲ್ಲಿ ಉಳಿದದ್ದು ಬಾಲ. ಅದು ಒಂದೇ ಸಮನೆ ಕುಣಿಯುತ್ತಿತ್ತು.

ಕತ್ತಿಯಮ್ಮ ನಕ್ಕು ನಕ್ಕು ಮರಕ್ಕೆ ಆತುಕೊಂಡಳು. ಮೇಡಂ ಕೂಡ ನಕ್ಕರು. ಒಂಬತ್ತು ತಿಂಗಳಲ್ಲಿ ಅವರು ನಗುವುದನ್ನು ನೋಡಿದ್ದು ಇದೇ ಮೊದಲು. "ಪರೀಕ್ಷೆಗೆ ಇಷ್ಟು ಸಾಕು. ಅದಕ್ಕೆ ಬಾಲ ಮತ್ತೆ ಬೆಳೆಯುತ್ತೆ," ಎಂದರು.

ತೊಗಟೆಯನ್ನು ಹೇಗಿತ್ತೋ ಹಾಗೇ ಮುಚ್ಚಿದೆ. ಅದಕ್ಕೆ ಕಾಲು ಗಂಟೆ ತೆಗೆದುಕೊಂಡೆ. ಯಾರೂ ಅವಸರ ಮಾಡಲಿಲ್ಲ.

ಏಪ್ರಿಲ್ 8, ಸೋಮವಾರ

ಮೊದಲು ಎರಡು ಹಳೆ ಜಾಡಿಗಳ ಚೀಟಿ ಬದಲಿಸಿದೆ. ಅದಲುಬದಲು ಎಂದು, ಮಾಡಿದವನ ಮತ್ತು ತಿದ್ದಿದವನ ಸಹಿಯೊಂದಿಗೆ ದಾಖಲೆ ಪುಸ್ತಕದಲ್ಲಿ ಬರೆದೆ. ಎರಡೂ ಕಡೆ ಸಹಿ ಒಂದೇ. ಆಮೇಲೆ ಹೊಸ ಜಾಡಿ, ಸಂಖ್ಯೆ ಹನ್ನೊಂದು ಸಾವಿರದ ಇನ್ನೂರ ಏಳು. ಚೀಟಿಯಲ್ಲಿ ಜಾತಿ, ಬೆಟ್ಟ, ಎತ್ತರ, ದಿನಾಂಕ, ಹಿಡಿದವರು ಕತ್ತಿಯಮ್ಮ. ಕೆಳಗೆ ಷರಾ: "ಬಾಲ ಮಾತ್ರ. ಉಳಿದದ್ದು ಕಾಡಿನಲ್ಲಿದೆ, ಜೀವಂತ."

ಇಂಥ ಷರಾ ಬರೆಯುವ ಪದ್ಧತಿಯಿಲ್ಲ. ಮೇಡಂ ಓದಿ, ಇರಲಿ ಎಂದರು. ನೂರ ಮೂವತ್ತೆರಡು, ಎಂಬತ್ತನಾಲ್ಕು.

ಏಪ್ರಿಲ್ 24, ಬುಧವಾರ

ಸಭೆಯಲ್ಲಿ 'ಇನ್ನಿಲ್ಲ' ಪಟ್ಟಿಗೆ ನಮ್ಮ ಹಾವುರಾಣಿಯ ಹೆಸರು ಸೇರಿಸಲಿಲ್ಲವಂತೆ. ಫೋನ್ ಬಂದಾಗ ಮೇಡಂ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಂದು ಹೇಳಿದರು.

ಪತ್ರಿಕೆಗೆ ಕಳಿಸುವ ಲೇಖನದ ಕರಡನ್ನೂ ತಂದಿದ್ದರು. ನನಗೆ ಸಂಬಂಧಪಟ್ಟ ಸಾಲನ್ನು ಓದಿಹೇಳಿದರು: "ಸಂಗ್ರಹಾಲಯದ ಸಿಬ್ಬಂದಿಯಿಂದಾದ ಚೀಟಿಯ ಅದಲುಬದಲಿನಿಂದ."

"ಸಿಬ್ಬಂದಿ ಅಂದ್ರೆ ಯಾರು ಮೇಡಂ?"

"ನಿಮ್ಮನ್ನ ಎತ್ತಿ ತೋರಿಸೋದು ಬೇಡ ಅಂತ ಹಾಗೆ ಬರೆದೆ. ಇನ್ನು ಆರು ದಿನಕ್ಕೆ ನಿವೃತ್ತಿ ಬೇರೆ."

"ಆಗ ಇಲ್ಲಿ ಆರು ಜನ ಇದ್ವಿ. ಇಬ್ಬರು ಸತ್ತೇ ಹೋಗಿದ್ದಾರೆ. ಅವರ ತಲೆ ಮೇಲೆ ಯಾಕೆ ಹಾಕ್ತೀರಿ? ನನ್ನ ಹೆಸರು ಬರೀರಿ."

"ಖಂಡಿತಾ?"

"ಅಕ್ಷರ ತಪ್ಪಬಾರದು," ಎಂದೆ. ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ.

ಏಪ್ರಿಲ್ 30, ಮಂಗಳವಾರ

ಭಾಷಣ, ಹೂಗುಚ್ಛ, ಒಂದು ಗೋಡೆ ಗಡಿಯಾರ. ಕೋಣೆಯ ಬೀಗದ ಕೈ ಕೊಟ್ಟೆ. ಜಾಡಿಗಳೆಲ್ಲ ಕುತ್ತಿಗೆಯವರೆಗೆ ತುಂಬಿವೆ.

ಜೂನ್ 20, ಗುರುವಾರ

ಪತ್ರಿಕೆ ಬಂತು. ಮೇಡಂ ಎರಡು ಪ್ರತಿ ಕಳಿಸಿದ್ದರು. ನಾಲ್ಕನೇ ಪುಟದಲ್ಲಿ ನನ್ನ ಪೂರ್ತಿ ಹೆಸರು, ತಂದೆಯವರ ಹೆಸರಿನ ಮೊದಲ ಅಕ್ಷರದ ಸಮೇತ. ಚೀಟಿಯನ್ನು ಅದಲುಬದಲು ಮಾಡಿದವರು ಇವರು, ಕಿರುಪುಸ್ತಕ ಓದಿ ಅದನ್ನು ಪತ್ತೆ ಮಾಡಿ ತಿಳಿಸಿದವರೂ ಇವರು, ಬೆಟ್ಟದಲ್ಲಿ ಜಾತಿಯನ್ನು ಮೊದಲು ಗುರುತಿಸಿದವರೂ ಇವರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹೆಸರು ಅಚ್ಚಾದದ್ದು ಇದೊಂದೇ ಸಲ. ಅಕ್ಷರ ತಪ್ಪಿಲ್ಲ.

ನೆರೆಮನೆಯ ನಿವೃತ್ತ ಮೇಷ್ಟರಿಗೆ ತೋರಿಸಿದೆ. ಹಾಲು ಕೊಡುವವಳಿಗೂ ತೋರಿಸಿದೆ. ಮೇಷ್ಟರು ಆ ಸಾಲನ್ನು ಓದಿ, ಇದನ್ನೇಕೆ ತೋರಿಸುತ್ತಿದ್ದಾನೆ ಎಂಬಂತೆ ನನ್ನ ಮುಖ ನೋಡಿದರು. ಅವರಿಗೆ ತಿಳಿಯುವುದಿಲ್ಲ, ಪಾಪ.

ಹೆಂಡತಿ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಆ ಪುಟವನ್ನು ಪೂರ್ತಿ ಓದಿದಳು.

"ಇದನ್ನ ಎಷ್ಟು ಜನ ಓದ್ತಾರೆ?" ಎಂದು ಕೇಳಿದಳು.

"ಹಾವುರಾಣಿ ವಿಷಯ ಓದೋರು ಜಗತ್ತಿನಲ್ಲೇ ಕಮ್ಮಿ. ನಲವತ್ತು ಜನ ಇರಬಹುದು."

"ಆ ನಲವತ್ತು ಜನಕ್ಕೂ ಗೊತ್ತಾಗುತ್ತಾ, ತಪ್ಪು ಮಾಡಿದ್ದು ನೀವೇ ಅಂತ?"

"ನಲವತ್ತು ಜನಕ್ಕೂ."

ಅವಳು ಪತ್ರಿಕೆಯನ್ನು ಮಡಚದೆ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಹರಡಿ, ಅಂಗೈಯಿಂದ ನೀವಿ ಸಾಪು ಮಾಡಿದಳು.

"ಇನ್ನೊಂದು ಪ್ರತಿ ನನ್ನ ತಮ್ಮನಿಗೆ ಕಳಿಸ್ತೀನಿ," ಎಂದಳು. "ಕೈ ತೊಳ್ಕೊಂಡು ಬನ್ನಿ, ಊಟ ಮಾಡೋಣ."